ಓದಲು ಬಾರದ ನಾಲ್ಕನೇ ಕ್ಲಾಸಿನ ಮಗುವಿಗೆ ಓದು ಕಲಿಸುವುದು ಹೇಗೆ: ನಮ್ಮ ತೋಟದ ಶಾಲೆಯ ಕ್ರಮ

ಹುಡುಗ ಪಾಠವನ್ನು ಗಟ್ಟಿಯಾಗಿ, ತಡವರಿಸದೆ ಓದುತ್ತಿದ್ದ. ಯಾಕೋ ಅನುಮಾನ ಬಂದು ಪುಟದ ಮೇಲೆ ಅಂಗೈ ಇಟ್ಟೆ. ಓದು ನಿಲ್ಲಲಿಲ್ಲ. ಕೈ ಕೆಳಗೆ ಮುಚ್ಚಿಹೋಗಿದ್ದ ಮೂರು ಸಾಲನ್ನೂ ಹೇಳಿ ಮುಗಿಸಿ ಮುಂದಿನ ಪ್ಯಾರಾಕ್ಕೆ ಹೋದ. ಆಮೇಲೆ ನನ್ನ ಕೈ ಕಣ್ಣಿಗೆ ಬಿದ್ದು ತಲೆ ತಗ್ಗಿಸಿದ. ನಾಲ್ಕನೇ ಕ್ಲಾಸಿನ ಹುಡುಗ. ರಜೆ ಹಾಕಿದ್ದೇ ಕಡಿಮೆ. ಬೋರ್ಡಿನ ಮೇಲೆ ‘ಮರ’ ಎಂದು ಬರೆದರೆ ಓದಲು ಬರುತ್ತಿರಲಿಲ್ಲ. ಅಕ್ಕ ಮನೆಯಲ್ಲಿ ಓದುವುದನ್ನು ಕೇಳಿ ಕೇಳಿ ಇಡೀ ಪಾಠ ಬಾಯಿಪಾಠ ಮಾಡಿಕೊಂಡಿದ್ದ. ಒಂದನೇ ಕ್ಲಾಸಿನಿಂದ ಅವನಿಗೆ ಕಲಿಸಿದವಳು ನಾನೇ.

ಆ ದಿನದ ನಂತರ ನನ್ನ ಕೆಲಸದ ರೀತಿ ಬದಲಾಯಿತು. ಕೊಡಗಿನ ಸಿದ್ದಾಪುರ ಮತ್ತು ಅಮ್ಮತ್ತಿ ನಡುವಿನ ಕಾಫಿ ತೋಟಗಳ ಮಧ್ಯೆ ನಮ್ಮದೊಂದು ಕಿರಿಯ ಪ್ರಾಥಮಿಕ ಶಾಲೆ. ಐದು ಕ್ಲಾಸು, ಇಬ್ಬರು ಶಿಕ್ಷಕಿಯರು, ಈ ವರ್ಷ 41 ಮಕ್ಕಳು. ಹೆಚ್ಚಿನವರು ತೋಟದ ಕಾರ್ಮಿಕರ ಲೈನ್ ಮನೆಗಳವರು, ಉಳಿದವರು ಆದಿವಾಸಿಗಳ ಹಾಡಿಯಿಂದ ಬರುವವರು. ಮನೆಮಾತು ಯರವ, ಮಲಯಾಳ, ತಮಿಳು, ತುಳು, ಕುರುಬರ ಮಾತು, ಇತ್ತೀಚೆಗೆ ಅಸ್ಸಾಮಿ ಮತ್ತು ಬಂಗಾಳಿ. ಕನ್ನಡ ಮನೆಮಾತಾಗಿರುವ ಮಕ್ಕಳು ಈ ವರ್ಷ ಆರು ಮಂದಿ ಮಾತ್ರ. ನನ್ನ ಮನೆಮಾತೂ ಪುಸ್ತಕದ ಕನ್ನಡವಲ್ಲ, ಇಲ್ಲಿನ ಗೌಡರ ಅರೆಭಾಷೆ. ಹೊಸದಾಗಿ ಕೆಲಸಕ್ಕೆ ಸೇರಿದ ಶಿಕ್ಷಕರು, ಅತಿಥಿ ಶಿಕ್ಷಕರು, ತೋಟದ ಮಕ್ಕಳಿಗೆ ಏನಾದರೂ ಮಾಡಬೇಕು ಎಂದು ಬರುವ ಯುವಕರು ಕೇಳುತ್ತಲೇ ಇರುತ್ತಾರೆ: ಎಲ್ಲಿಂದ ಶುರು ಮಾಡುವುದು? ಅವರಿಗಾಗಿ ಇದನ್ನು ಬರೆದಿದ್ದೇನೆ.

ಇದು ನಮ್ಮೂರಿನದಷ್ಟೇ ಸಂಗತಿ ಅಲ್ಲ. ಹತ್ತು ವರ್ಷದ ಮಗು ಒಂದು ಸರಳ ಬರಹವನ್ನು ಓದಿ ಅರ್ಥ ಮಾಡಿಕೊಳ್ಳಲಾರದ ಸ್ಥಿತಿಯನ್ನು ವಿಶ್ವಬ್ಯಾಂಕ್ ‘ಕಲಿಕೆಯ ಬಡತನ’ ಎಂದು ಕರೆಯಿತು. 2019ರಲ್ಲಿ ಅವರು ಹಾಕಿದ ಲೆಕ್ಕದ ಪ್ರಕಾರ ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ 100ಕ್ಕೆ 53 ಮಕ್ಕಳು ಹೀಗಿದ್ದರು. ಕೋವಿಡ್ ನಂತರ, 2022ರ ಅಂದಾಜಿನಲ್ಲಿ, ಅದು 70ಕ್ಕೆ ಏರಿತು. ಇವರಲ್ಲಿ ಬಹುಪಾಲು ಮಕ್ಕಳ ಹೆಸರು ಯಾವುದೋ ಶಾಲೆಯ ಹಾಜರಿ ಪುಸ್ತಕದಲ್ಲಿ ಇದೆ. ಶಾಲೆಗೆ ಬಂದು ಕೂತೂ ಕಲಿಯದೆ ಹೋಗುತ್ತಿರುವ ಮಕ್ಕಳು ಇವರು.

ಮೊದಲು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳಿ

ಲಿಖಿತ ಪರೀಕ್ಷೆ ಬೇಡ. ಪಕ್ಕದವನ ಹಾಳೆ ನೋಡಿ ಬರೆಯುವ ಮಗುವಿನ ಕೈಬರಹ ಎಷ್ಟು ಚೆನ್ನಾಗಿದ್ದರೂ ಆ ಮಗು ಓದಬಲ್ಲದು ಎಂದು ಅರ್ಥವಲ್ಲ. ಒಂದು ಹಾಳೆ ಸಾಕು. ಅದರಲ್ಲಿ ನಾಲ್ಕು ಭಾಗ ಮಾಡಿ: ಹತ್ತು ಬಿಡಿ ಅಕ್ಷರ, ಎರಡು ಮೂರು ಅಕ್ಷರದ ಹತ್ತು ಪದ, ಒಂದನೇ ಕ್ಲಾಸಿನ ಮಟ್ಟದ ನಾಲ್ಕು ಸಾಲಿನ ಪ್ಯಾರಾ, ಎರಡನೇ ಕ್ಲಾಸಿನ ಮಟ್ಟದ ಒಂದು ಪುಟ್ಟ ಕಥೆ. ಇದು ನನ್ನ ಶೋಧನೆಯಲ್ಲ. ಮಕ್ಕಳ ಕಲಿಕೆಗಾಗಿ ಕೆಲಸ ಮಾಡುವ ಪ್ರಥಮ್ ಎಂಬ ಸ್ವಯಂಸೇವಾ ಸಂಸ್ಥೆ 2005ರಲ್ಲಿ ಆರಂಭಿಸಿದ ಅಸರ್ ಸಮೀಕ್ಷೆಯಲ್ಲಿ ಹಳ್ಳಿ ಹಳ್ಳಿಯ ಮನೆಗಳಲ್ಲಿ ಮಕ್ಕಳನ್ನು ಕೇಳುವುದು ಇದೇ ಕ್ರಮದಲ್ಲಿ.

ಕೇಳುವಾಗ ಪ್ಯಾರಾದಿಂದ ಶುರು ಮಾಡಿ. ಮಗು ವಾಕ್ಯವನ್ನು ವಾಕ್ಯದ ಹಾಗೆ ಓದಿದರೆ, ತಪ್ಪು ಮೂರರೊಳಗೆ ಇದ್ದರೆ, ಕಥೆ ಕೊಡಿ. ಪ್ಯಾರಾ ಆಗದಿದ್ದರೆ ಪದಕ್ಕೆ ಇಳಿಯಿರಿ. ಯಾವುದಾದರೂ ಐದು ಪದದಲ್ಲಿ ನಾಲ್ಕು ಬಂದರೆ ಅದು ಪದದ ಮಟ್ಟ. ಪದವೂ ಆಗದಿದ್ದರೆ ಅಕ್ಷರ. ಅಲ್ಲಿಯೂ ಐದರಲ್ಲಿ ನಾಲ್ಕು ಬರಬೇಕು. ಒಂದು ಮಗುವಿಗೆ ಐದು ನಿಮಿಷ ಸಾಕು. ನನ್ನ 3, 4, 5ನೇ ಕ್ಲಾಸಿನ 24 ಮಕ್ಕಳಿಗೆ ಎರಡು ಬೆಳಗು ಹಿಡಿಯುತ್ತದೆ.

ಕೂರಿಸಿಕೊಳ್ಳುವ ಜಾಗ ಮುಖ್ಯ. ನಾನು ಹೊರಗಿನ ಜಗಲಿಯಲ್ಲಿ, ಬೇರೆ ಮಕ್ಕಳಿಗೆ ಕೇಳಿಸದಷ್ಟು ದೂರದಲ್ಲಿ ಕೂರುತ್ತೇನೆ, ಎದುರಿಗಲ್ಲ, ಮಗುವಿನ ಪಕ್ಕದಲ್ಲಿ. ಹಾಡಿಯ ಮಕ್ಕಳು ಮೇಜಿನ ಆಚೆ ಕೂತ ದೊಡ್ಡವರ ಮುಂದೆ ಬಾಯಿ ಬಿಡುವುದಿಲ್ಲ. ಸುಮ್ಮನಿದ್ದ ಮಗುವನ್ನು ‘ಏನೂ ಬರುವುದಿಲ್ಲ’ ಎಂದು ಬರೆದುಕೊಂಡು ಎಷ್ಟೋ ವರ್ಷ ತಪ್ಪು ಮಾಡಿದ್ದೇನೆ. ಈಗ ಮೊದಲು ಎರಡು ನಿಮಿಷ ಬೇರೆ ಮಾತು: ನಿನ್ನೆ ರಾತ್ರಿ ಆನೆ ಬಂದಿತ್ತಾ, ಯಾವ ಕಡೆಯಿಂದ ಬಂತು, ನಾಯಿ ಬೊಗಳಿತಾ? ಆನೆಯ ಸುದ್ದಿ ಇಲ್ಲದ ಮನೆ ನಮ್ಮ ಕಡೆ ಇಲ್ಲ. ಕನ್ನಡದ ಆನೆ ಮಲಯಾಳದಲ್ಲಿ ಆನ, ತಮಿಳಿನಲ್ಲಿ ಯಾನೆ, ಕೊಡವ ತಕ್ಕ್‌ನಲ್ಲೂ ಆನೆ. ಬಂಗಾಳ, ಅಸ್ಸಾಮಿನ ಮಕ್ಕಳು ಮಾತ್ರ ‘ಹಾತಿ’ ಎನ್ನುತ್ತಾರೆ. ಆ ಮಾತು ಮುಗಿಯುವಷ್ಟರಲ್ಲಿ ಗಂಟಲು ತೆರೆದಿರುತ್ತದೆ.

ಸಿಕ್ಕ ಉತ್ತರವನ್ನು ಒಂದು ಚೀಟಿಯಲ್ಲಿ ಬರೆದಿಡಿ: ತಾರೀಕು, ಮಟ್ಟ, ಯಾವ ಅಕ್ಷರದಲ್ಲಿ ಸಿಕ್ಕಿಹಾಕಿಕೊಂಡಿತು. ಅಂಕ ಬೇಡ, ಗ್ರೇಡ್ ಬೇಡ. ಈ ಚೀಟಿಗೆ ಮುಂದೆ ಕೆಲಸ ಇದೆ.

ಕ್ಲಾಸು ಬಿಡಿ, ಮಟ್ಟ ಹಿಡಿಯಿರಿ

ಎಲ್ಲಕ್ಕಿಂತ ಕಷ್ಟದ್ದು ಇದು. ಐದನೇ ಕ್ಲಾಸಿನ ಮಗುವನ್ನು ಮೂರನೆಯವರ ಜೊತೆ ಅಕ್ಷರದ ಗುಂಪಿನಲ್ಲಿ ಕೂರಿಸಬೇಕು. ‘ಸಿಲಬಸ್ ಯಾವಾಗ ಮುಗಿಸ್ತೀರಿ?’ ಎಂದು ಪರಿಶೀಲನೆಗೆ ಬಂದವರು ಕೇಳುತ್ತಾರೆ. ಐದನೇ ಕ್ಲಾಸಿನ ಪರಿಸರ ಅಧ್ಯಯನವನ್ನು ಓದಲು ಬಾರದ ಮಗುವಿನ ಎದುರು ಮುಗಿಸಿದರೆ ಮುಗಿಯುವುದು ಪುಸ್ತಕ ಮಾತ್ರ. ನಾನು ಇಡೀ ದಿನವನ್ನು ಕೇಳುವುದಿಲ್ಲ. ದಿನಕ್ಕೆ ಒಂದು ಗಂಟೆ. ಬೆಳಗ್ಗೆ ಪ್ರಾರ್ಥನೆ ಆಗಿ, ಕ್ಷೀರಭಾಗ್ಯದ ಹಾಲು ಕುಡಿದ ಕೂಡಲೇ ಆ ಗಂಟೆ ಶುರು. ಸಂಜೆಯ ಕೊನೆಯ ಪೀರಿಯಡ್ ಕೊಡಬೇಡಿ, ಅಷ್ಟರಲ್ಲಿ ಮಕ್ಕಳ ಮನಸ್ಸು ಮನೆ ದಾರಿ ಹಿಡಿದಿರುತ್ತದೆ. ಉಳಿದ ಸಮಯದಲ್ಲಿ ಎಂದಿನಂತೆ ಕ್ಲಾಸಿನ ಪಾಠ ನಡೆಯಲಿ.

ಮಟ್ಟಕ್ಕೆ ತಕ್ಕ ಗುಂಪು ಎಂಬ ಮಾತು ಕರ್ನಾಟಕದ ಶಿಕ್ಷಕರಿಗೆ ಹೊಸದಲ್ಲ. 1995ರ ಸುಮಾರಿಗೆ ಪಕ್ಕದ ಹೆಗ್ಗಡದೇವನಕೋಟೆಯಲ್ಲಿ ಯುನಿಸೆಫ್ ನೆರವಿನಿಂದ ಶುರುವಾದ ನಲಿ-ಕಲಿ ಎಂಬ ಸರ್ಕಾರಿ ಶಾಲೆಗಳ ಕಲಿಕಾ ಕ್ರಮದ ಒಳಗುಟ್ಟೇ ಅದು. ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದ ಶಿಕ್ಷಕರು ಕಾರ್ಡು, ಮೆಟ್ಟಿಲು, ತಟ್ಟೆಗಳ ಆ ವ್ಯವಸ್ಥೆಯನ್ನು ಕನ್ನಡಕ್ಕೆ ಹೊಂದಿಸಿದರು. ಆದರೆ ನಲಿ-ಕಲಿ ಇರುವುದು ಕೆಳಗಿನ ಕ್ಲಾಸುಗಳಿಗೆ. ನಾಲ್ಕಕ್ಕೆ ಬಂದ ಮಗುವಿನ ಕೈಗೆ ದಪ್ಪ ಪುಸ್ತಕ ಬರುತ್ತದೆ, ಏಣಿ ಕೈಬಿಡುತ್ತದೆ. ಹತ್ತಲಾಗದೆ ಉಳಿದವರಿಗೆ ಮತ್ತೊಮ್ಮೆ ಏಣಿ ಹಾಕಿಕೊಡುವುದೇ ಈ ಒಂದು ಗಂಟೆಯ ಕೆಲಸ.

ಹೊರಗೂ ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಮುಂಬೈ ಮತ್ತು ವಡೋದರದ ಸರ್ಕಾರಿ ಶಾಲೆಗಳಲ್ಲಿ ಪ್ರಥಮ್‌ನವರು ‘ಬಾಲಸಖಿ’ ಎಂದು ಅದೇ ವಠಾರದ ಹುಡುಗಿಯರನ್ನು ನೇಮಿಸಿದರು. ಹಿಂದುಳಿದ ಮಕ್ಕಳನ್ನು ಅವರು ದಿನಕ್ಕೆ ಎರಡು ಗಂಟೆ ಬೇರೆ ಕೂರಿಸಿಕೊಂಡು ಅಕ್ಷರ, ಲೆಕ್ಕ ಕಲಿಸಿದರು. ಮಕ್ಕಳ ಕಲಿಕೆ ಎದ್ದು ಕಾಣುವಂತೆ ಸುಧಾರಿಸಿತು. ಅದನ್ನು ಅಳೆದವರಲ್ಲಿ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡಫ್ಲೊ ಇದ್ದರು. 2019ರ ಅರ್ಥಶಾಸ್ತ್ರದ ನೊಬೆಲ್ ಅವರಿಬ್ಬರಿಗೆ ಮೈಕಲ್ ಕ್ರೆಮರ್ ಜೊತೆಯಲ್ಲಿ ಬಂತು. ಇದೇ ಕ್ರಮವನ್ನು ಆಫ್ರಿಕಾದ ಜಾಂಬಿಯಾ ತನ್ನ ಸರ್ಕಾರಿ ಶಾಲೆಗಳ 3ರಿಂದ 5ನೇ ತರಗತಿಗೆ ತೆಗೆದುಕೊಂಡಿತು.

ಬಾಲಸಖಿಯ ಸಂಗತಿ ಓದಿದ ಮೇಲೆ ನಾನೂ ಲೈನಿನಲ್ಲಿ ಹುಡುಕಿದೆ. ನನ್ನ ಜೊತೆಯವರು 1, 2ರ ನಲಿ-ಕಲಿ ಮಕ್ಕಳನ್ನು ಬಿಟ್ಟು ಬರುವ ಹಾಗಿಲ್ಲ. 24 ಮಕ್ಕಳ ಮೂರು ಗುಂಪಿಗೆ ನಾನೊಬ್ಬಳೇ. ಪಿಯುಸಿ ಮುಗಿಸಿ ಮನೆಯಲ್ಲಿದ್ದ ಒಬ್ಬ ಹುಡುಗಿ ಸಿಕ್ಕಳು, ಯರವ ಮಾತಾಡುವವಳು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಕೇಳಿ ಅವಳಿಗೆ ತಿಂಗಳಿಗೆ ಎರಡು ಸಾವಿರ ರೂಪಾಯಿ ಹೊಂದಿಸಿದೆವು. ಪದದ ಗುಂಪು ಅವಳದು. ಕಥೆಯ ಗುಂಪು ತಮ್ಮಷ್ಟಕ್ಕೆ ಜೋಡಿ ಜೋಡಿಯಾಗಿ ಓದಿಕೊಳ್ಳುತ್ತದೆ, ಹತ್ತು ನಿಮಿಷಕ್ಕೊಮ್ಮೆ ಹೋಗಿ ಬಂದರೆ ಸಾಕು. ಅಕ್ಷರದ ಗುಂಪನ್ನು ನಾನೇ ಇಟ್ಟುಕೊಂಡಿದ್ದೇನೆ. ಶಾಲೆಯಲ್ಲಿ ಅನುಭವ ಹೆಚ್ಚು ಇರುವವರೇ ಅಕ್ಷರದ ಗುಂಪಿಗೆ ಕೂರಬೇಕು. ಎಲ್ಲ ಕಡೆ ತದ್ವಿರುದ್ಧ ನಡೆಯುತ್ತದೆ.

ಅಕ್ಷರದ ಗುಂಪಿನ ಒಂದು ಗಂಟೆ

ಅ, ಆ, ಇ, ಈ ಎಂದು ವರ್ಣಮಾಲೆಯ ಸಾಲು ಹಿಡಿಯಬೇಡಿ. ಆ ಸಾಲು ನಮ್ಮ ಮಕ್ಕಳಿಗೆ ಹಾಡಿನ ಹಾಗೆ ಬಾಯಿಗೆ ಬರುತ್ತದೆ, ಮಧ್ಯದ ‘ಘ’ ತೋರಿಸಿ ಕೇಳಿದರೆ ಮೊದಲಿನಿಂದ ಹಾಡಿಕೊಂಡು ಬರುತ್ತಾರೆ. ನಲಿ-ಕಲಿಯ ಕ್ರಮ ಇಲ್ಲಿ ಬಹಳ ಉಪಯೋಗ: ರ, ಗ, ಸ, ದ, ಅ. ಐದೇ ಅಕ್ಷರ ಗೊತ್ತಾದ ದಿನ ಮಗು ಸರ, ರಸ, ದರ, ಅರಸ, ಗರಗಸ ಎಂದು ಓದಿಬಿಡುತ್ತದೆ. ಮುಂದಿನ ಐದು, ಜ, ವ, ಮ, ಬ, ನ ಸೇರಿದರೆ ಮರ, ದನ, ಜನ, ವನ, ನಗರ. ‘ನನಗೆ ಓದಲು ಬರುತ್ತದೆ’ ಎಂಬ ನಂಬಿಕೆ ಮೊದಲ ವಾರದಲ್ಲೇ ಹುಟ್ಟಬೇಕು. ಹತ್ತು ವರ್ಷದ ಮಗುವಿಗೆ ಅದು ಆರು ವರ್ಷದ ಮಗುವಿಗಿಂತ ಹೆಚ್ಚು ಬೇಕು, ಯಾಕೆಂದರೆ ಅದು ಆಗಲೇ ಮೂರು ವರ್ಷ ಸೋತಿದೆ.

ಪದ ಆರಿಸುವಾಗ ಒಂದು ಎಚ್ಚರ. ಓದಿದ ಪದ ಮಗುವಿಗೆ ಗೊತ್ತಿರುವ ವಸ್ತುವಾಗಿರಬೇಕು. ಮರ ಎಲ್ಲರಿಗೂ ಗೊತ್ತು, ಮಲಯಾಳದ ಮಗುವಿಗೂ ತಮಿಳಿನ ಮಗುವಿಗೂ ಅದು ಹೆಚ್ಚುಕಡಿಮೆ ಅದೇ ಶಬ್ದ. ಗರಗಸ ಗೊತ್ತು, ತೋಟದಲ್ಲಿ ಮರದ ಕೊಂಬೆ ಸವರುವ ಕಪಾತಿನ ಸಮಯದಲ್ಲಿ ನೋಡಿರುತ್ತಾರೆ. ‘ಅಗಸ’ ಗೊತ್ತಿಲ್ಲ, ಯಾವ ಲೈನಿಗೂ ಅಗಸ ಬರುವುದಿಲ್ಲ. ಅದನ್ನು ಬಿಟ್ಟೆ. ಹೊಸ ಪದ ಬಂದಾಗ ‘ನಿಮ್ಮ ಮನೆಯಲ್ಲಿ ಇದಕ್ಕೆ ಏನು ಹೇಳ್ತೀರಿ?’ ಎಂದು ಒಬ್ಬೊಬ್ಬರನ್ನೂ ಕೇಳುತ್ತೇನೆ. ‘ಮನೆ’ ಎಂದರೆ ತಮಿಳಿನ ಮಗು ‘ವೀಡು’ ಎನ್ನುತ್ತದೆ, ತುಳುವಿನ ಮಗು ‘ಇಲ್ಲ್’ ಎನ್ನುತ್ತದೆ. ಎಲ್ಲವನ್ನೂ ಕನ್ನಡ ಅಕ್ಷರದಲ್ಲೇ ಬೋರ್ಡಿನ ಮೇಲೆ ಬರೆಯುತ್ತೇನೆ. ತನ್ನ ಅಮ್ಮನ ಮಾತು ಬೋರ್ಡಿನ ಮೇಲೆ ಬಂದದ್ದನ್ನು ಮೊದಲ ಸಲ ನೋಡಿದ ಯರವ ಹುಡುಗಿಯೊಬ್ಬಳು ಅವತ್ತು ಸಂಜೆ ಅದನ್ನು ಅಂಗೈಯಲ್ಲಿ ಬರೆದುಕೊಂಡು ಮನೆಗೆ ಹೋದಳು.

ಭಾಷೆಯ ಸಂಗತಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಪಶ್ಚಿಮ ಕೀನ್ಯಾದ ಶಾಲೆಗಳಿಗೆ ಪಠ್ಯಪುಸ್ತಕ ಒದಗಿಸಿ ಏನಾಗುತ್ತದೆ ಎಂದು ಕ್ರೆಮರ್ ಮತ್ತು ಜೊತೆಗಾರರು ನೋಡಿದರು. ಒಟ್ಟಾರೆ ಸರಾಸರಿ ಏರಲಿಲ್ಲ. ಮೊದಲೇ ಮುಂದಿದ್ದ ಮಕ್ಕಳಿಗೆ ಮಾತ್ರ ಪ್ರಯೋಜನವಾಯಿತು. ಪುಸ್ತಕ ಇದ್ದದ್ದು ಇಂಗ್ಲಿಷಿನಲ್ಲಿ, ಅಲ್ಲಿನ ಹೆಚ್ಚಿನ ಮಕ್ಕಳಿಗೆ ಅದು ಮೂರನೇ ಭಾಷೆ. ಹಿಂದುಳಿದ ಮಗುವಿಗೆ ಅದನ್ನು ಓದಲೇ ಆಗುತ್ತಿರಲಿಲ್ಲ. ಇದನ್ನು ಓದಿದಾಗ ನನಗೆ ನಮ್ಮ ಲೈನಿನ ಮಕ್ಕಳೇ ಕಣ್ಣ ಮುಂದೆ ಬಂದರು. ನಮ್ಮಲ್ಲಿ ಕನ್ನಡ ಅವರಿಗೆ ಎರಡನೆಯದೋ ಮೂರನೆಯದೋ ಭಾಷೆ. ಪುಸ್ತಕ ಉಚಿತವಾಗಿ ಬಂದಿದೆ, ಸಮಯಕ್ಕೂ ಬಂದಿದೆ. ಮಗುವಿನ ಪಾಲಿಗೆ ಅದು ಇನ್ನೂ ತೆರೆದಿಲ್ಲ.

ಬಿಡಿ ಅಕ್ಷರ ದಾಟಿದ ಮೇಲೆ ಕಾಗುಣಿತ. ಅಲ್ಲಿಯೂ ‘ಕ ಕಾ ಕಿ ಕೀ’ ಎಂದು ಪೂರ್ತಿ ಸಾಲು ಬೇಡ. ಒಂದು ಗುರುತು ಹಿಡಿದು ಹತ್ತು ಅಕ್ಷರಕ್ಕೆ ಹಾಕಿಸಿ. ಮೊದಲು ಇಳಿ, ಆಮೇಲೆ ಗುಡಿಸು, ಆಮೇಲೆ ಕೊಂಬು. ಮಹಾಪ್ರಾಣಗಳನ್ನು ಕೊನೆಗೆ ಇಡಿ. ಒತ್ತಕ್ಷರಕ್ಕೆ ಬಂದಾಗ ಅಕ್ಕ, ಅಮ್ಮ, ಹಳ್ಳ, ಬೆಟ್ಟ, ಹಣ್ಣುಗಳಿಂದ ಶುರುಮಾಡಿ, ಅದೇ ಅಕ್ಷರದ ಒತ್ತು ಸುಲಭ. ನಂತರ ‘ರಸ್ತೆ’, ‘ಪುಸ್ತಕ’. ನಮ್ಮ ಮಕ್ಕಳು ಹೆಚ್ಚು ದಿನ ನಿಲ್ಲುವುದು ಇಲ್ಲಿಯೇ. ನಿಂತರೆ ನಿಲ್ಲಲಿ, ಅವಸರ ಮಾಡಬೇಡಿ.

ಗಂಟೆಯ ಕೊನೆಯ ಹದಿನೈದು ನಿಮಿಷ ನಾನು ಕಥೆ ಓದಿ ಹೇಳುತ್ತೇನೆ, ಬೆರಳು ಸಾಲಿನ ಕೆಳಗೆ ಓಡಿಸುತ್ತಾ. ಅಕ್ಷರ ಇನ್ನೂ ಬಾರದ ಮಗುವಿಗೂ ಕಥೆ ಬೇಕು. ಅಕ್ಷರ ಯಾಕೆ ಕಲಿಯಬೇಕು ಎನ್ನುವುದು ಅದಕ್ಕೆ ಗೊತ್ತಾಗುವುದು ಅಲ್ಲಿ.

ಲೆಕ್ಕಕ್ಕೂ ಇದೇ ದಾರಿ: ಅಂಕಿ ಗುರುತು, ಎರಡಂಕಿ, ಕಳೆಯುವುದು, ಭಾಗಾಕಾರ ಎಂದು ಮಟ್ಟ ನೋಡಿ ಗುಂಪು ಮಾಡಿ. ಹತ್ತು ಕಡ್ಡಿಯ ಕಟ್ಟು, ಒಣಗಿದ ಕಾಫಿ ಬೀಜ ಸಾಕು. ಕುಯ್ಲಿನಲ್ಲಿ ಅಪ್ಪ ಅಮ್ಮ ಕುಯ್ದ ಹಣ್ಣಿನ ಕಿಲೋ ಲೆಕ್ಕದಲ್ಲಿ ಕೂಲಿ ಸಿಗುವುದರಿಂದ ತೂಕದ ಕೂಡಿಕೆ ಈ ಮಕ್ಕಳಿಗೆ ಬಾಯಲ್ಲೇ ಬರುತ್ತದೆ. ಅದನ್ನು ಹಾಳೆಗೆ ಇಳಿಸುವುದಷ್ಟೇ ನಮ್ಮ ಕೆಲಸ.

ಮಳೆ ಮತ್ತು ಕುಯ್ಲಿಗೆ ಹೊಂದಿಸಿ

ಇಡೀ ವರ್ಷ ದಿನವೂ ಮಾಡುತ್ತೇನೆ ಎಂದು ಹೊರಟರೆ ಕೊಡಗಿನಲ್ಲಿ ನಡೆಯುವುದಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಯಾವಾಗ ಮಳೆ ರಜೆ ಘೋಷಣೆಯಾಗುತ್ತದೋ ಹೇಳಲಾಗದು. 2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ಕರಡಿಗೋಡು, ನೆಲ್ಯಹುದಿಕೇರಿಯ ಹೊಳೆದಂಡೆಯ ಮನೆಗಳಿಗೆ ನೀರು ನುಗ್ಗಿದಾಗ ಎಷ್ಟೋ ಮಕ್ಕಳು ಪರಿಹಾರ ಕೇಂದ್ರದಲ್ಲಿದ್ದರು. ಅದರ ಮರುವರ್ಷ ಕೋವಿಡ್. ಶಾಲೆ ಮುಚ್ಚಿದ್ದಾಗ ಮಕ್ಕಳಿರುವಲ್ಲಿಗೇ ಹೋಗಿ ಕಲಿಸುವ ವಿದ್ಯಾಗಮದ ಆ ಕೆಲವು ವಾರ ನಾನು ತೋಟದ ಕಾಫಿ ಕಣದಲ್ಲೇ ಮಕ್ಕಳನ್ನು ಕೂರಿಸಿಕೊಂಡಿದ್ದೆ. ಆಗ ಒಂದು ವಿಷಯ ಗೊತ್ತಾಯಿತು: ಗುಂಪು ಚಿಕ್ಕದಾಗಿದ್ದು ಬೇರೆ ಗಡಿಬಿಡಿ ಇಲ್ಲದಿದ್ದರೆ ಇಪ್ಪತ್ತು ದಿನದಲ್ಲಿ ಮಗು ಒಂದು ಮಟ್ಟ ಏರುತ್ತದೆ.

ಹಾಗಾಗಿ ಈಗ ಸುತ್ತುಗಳಲ್ಲಿ ಕೆಲಸ ಮಾಡುತ್ತೇನೆ. ಉತ್ತರ ಪ್ರದೇಶದ ಶಾಲೆಗಳಲ್ಲೂ ಪ್ರಥಮ್ ಹತ್ತು ದಿನ, ಇಪ್ಪತ್ತು ದಿನದ ಶಿಬಿರಗಳಾಗಿ ಇದನ್ನು ಮಾಡಿ ಒಳ್ಳೆಯ ಫಲ ಕಂಡಿತ್ತು. ನಮ್ಮ ಮೊದಲ ಸುತ್ತು ಜೂನ್‌ನಲ್ಲಿ, ಮಳೆ ಹಿಡಿಯುವ ಮುಂಚೆ ಆದಷ್ಟು ದಿನ. ಎರಡನೆಯದು ಸೆಪ್ಟೆಂಬರ್ ಮೊದಲಲ್ಲಿ ಬರುವ ಕೊಡಗಿನ ಕೈಲ್‌ಪೊಳ್ದ್ ಹಬ್ಬ ಮುಗಿದ ಮೇಲೆ, ದಸರಾ ರಜೆಗೆ ಮುಂಚೆ ಇಪ್ಪತ್ತು ದಿನ. ಮೂರನೆಯದು ನವೆಂಬರ್‌ನಲ್ಲಿ. ನಾಲ್ಕನೆಯದು ಜನವರಿಯ ಮೊದಲಲ್ಲಿ, ಹತ್ತೇ ದಿನ. ಆಮೇಲೆ ರೊಬಸ್ಟಾ ಕುಯ್ಲು ಜೋರಾಗುತ್ತದೆ. ದೊಡ್ಡ ಮಕ್ಕಳು ಪುಟ್ಟ ತಮ್ಮ-ತಂಗಿಯರನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಯುತ್ತಾರೆ. ಅಂಗನವಾಡಿಗೆ ಹೋಗಲಾರದಷ್ಟು ಚಿಕ್ಕ ಮಗುವನ್ನು ಅಕ್ಕ ಶಾಲೆಗೇ ಎತ್ತಿಕೊಂಡು ಬಂದರೆ ನಾನು ಬೇಡ ಎನ್ನುವುದಿಲ್ಲ. ಮೂಲೆಯಲ್ಲಿ ಚಾಪೆ ಹಾಸಿದ್ದೇನೆ.

ಪ್ರತಿ ಸುತ್ತಿನ ಕೊನೆಗೆ ಮತ್ತೆ ಅದೇ ಹಾಳೆ, ಆದರೆ ಪ್ಯಾರಾ, ಕಥೆ ಬೇರೆ. ಮೇಲೇರಿದ ಮಗುವನ್ನು ಅವತ್ತೇ ಮುಂದಿನ ಗುಂಪಿಗೆ ಕಳಿಸಿ. ಗುಂಪು ಗಟ್ಟಿಯಾಗಿ ಜಾತಿಯ ಹಾಗೆ ಉಳಿದುಹೋಗಬಾರದು. ಎರಡು ಸುತ್ತಾದರೂ ಅಲುಗದ ಮಗು ಇದ್ದರೆ ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ನಮ್ಮಲ್ಲಿ ‘ದಡ್ಡಿ’ ಎಂದು ಹೆಸರಾಗಿದ್ದ ಒಬ್ಬಳಿಗೆ ಒಂದು ಕಿವಿ ಕೇಳುತ್ತಿರಲಿಲ್ಲ. ಗೋಡೆ ಬದಿಗೆ ಕೂತಿದ್ದವಳನ್ನು ನನ್ನ ಬಲಕ್ಕೆ ಕೂರಿಸಿಕೊಂಡೆ.

ಹೋಗುವ ಮಕ್ಕಳು, ಬರುವ ಮಕ್ಕಳು

ಕುಯ್ಲಿಗೆ ಬಂದ ಸಂಸಾರಗಳು ಮಾರ್ಚ್, ಏಪ್ರಿಲ್‌ಗೆ ಹೊರಟುಹೋಗುತ್ತವೆ. ‘ಮೂರು ತಿಂಗಳಿಗೆ ಯಾಕೆ ಸೇರಿಸಿಕೊಳ್ಳೋದು’ ಎನ್ನುವವರಿಗೆ ಕಾನೂನು ತಿಳಿಸಿ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ವಯಸ್ಸಿನ ದಾಖಲೆ ಇಲ್ಲ ಎಂದು ಮಗುವನ್ನು ವಾಪಸ್ ಕಳಿಸುವ ಹಾಗಿಲ್ಲ. ಟಿ.ಸಿ. ಬರುವುದು ತಡವಾಯಿತು ಎಂದೂ ನಿರಾಕರಿಸುವ ಹಾಗಿಲ್ಲ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು, ಬಿಟ್ಟುಹೋದದ್ದನ್ನು ತುಂಬಲು ವಿಶೇಷ ತರಬೇತಿ ಕೊಡಬೇಕು. ನಮ್ಮ ಒಂದು ಗಂಟೆ ಅವರಿಗೂ ಸಲ್ಲುತ್ತದೆ, ಬಂದ ದಿನವೇ ಮಟ್ಟ ನೋಡಿ ಗುಂಪಿಗೆ ಕೂರಿಸಿ.

ಲೈನಿಗೆ ಹೋಗುವುದಾದರೆ ಸಂಜೆ ಐದೂವರೆ ಒಳಗೆ ಹೋಗಿ ಬನ್ನಿ, ಕತ್ತಲಾದರೆ ಆನೆ. ಒಬ್ಬರೇ ಹೋಗಬೇಡಿ. ಮೇಸ್ತ್ರಿಗೆ ಮುಂಚೆ ಹೇಳಿ. ಅಮ್ಮಂದಿರ ಹತ್ತಿರ ಮಗುವಿನ ದೂರು ಒಯ್ಯಬೇಡಿ. ಚೀಟಿ ತೋರಿಸಿ: ಜೂನ್‌ನಲ್ಲಿ ಹೀಗಿತ್ತು, ಈಗ ಹೀಗಿದೆ. ಮಗುವಿಗೆ ಅವರ ಎದುರೇ ನಾಲ್ಕು ಸಾಲು ಓದಲು ಹೇಳಿ. ‘ಟೀಚರೇ, ನಂಗೆ ಓದಕ್ಕೆ ಬರಲ್ಲ, ನಾನೇನು ಹೇಳಿಕೊಡ್ಲಿ’ ಎಂದು ಒಬ್ಬ ತಾಯಿ ಕೇಳಿದರು. ‘ನೀವು ಹೇಳಿಕೊಡೋದು ಬೇಡಮ್ಮ, ಅಡುಗೆ ಮಾಡ್ತಾ ಅವನು ಓದೋದು ಕೇಳಿ ಸಾಕು’ ಎಂದೆ. ಕೇಳುವವರಿದ್ದರೆ ಮಗು ಓದುತ್ತದೆ.

ಸಹಾಯ ಮಾಡುವ ಮನಸ್ಸಿನಿಂದ ತೋಟದವರು, ಸಂಘದವರು ಬಂದಾಗ ಬ್ಯಾಗು, ಟಿ.ವಿ. ಕೊಡುತ್ತೇವೆ ಎನ್ನುತ್ತಾರೆ. ಅವರ ಪ್ರೀತಿಗೆ ನಾನು ಋಣಿ. ಆದರೂ ಕೇಳಿದರೆ ಎರಡನ್ನೇ ಹೇಳುತ್ತೇನೆ: ಪುಟಕ್ಕೆ ಎರಡು ಸಾಲಿರುವ ದೊಡ್ಡ ಅಕ್ಷರದ ಕಥೆ ಪುಸ್ತಕ, ಮತ್ತು ಆ ಪಿಯುಸಿ ಹುಡುಗಿಯ ಗೌರವಧನ. ಮಳೆಗಾಲದಲ್ಲಿ ವಾರಗಟ್ಟಲೆ ಕರೆಂಟ್ ಇಲ್ಲದ ಕಡೆ ಪುಸ್ತಕ ಕಿಟಕಿ ಬೆಳಕಿನಲ್ಲೂ ತೆರೆಯುತ್ತದೆ.

ಅಂಗೈ ಕೆಳಗೆ ಓದಿದ ಆ ಹುಡುಗನ ಸಂಸಾರ ಏಪ್ರಿಲ್‌ನಲ್ಲಿ ಬೇರೆ ತೋಟಕ್ಕೆ, ಸುಂಟಿಕೊಪ್ಪದ ಕಡೆಗೆ ಹೊರಟಿತು. ಅಷ್ಟರಲ್ಲಿ ಮೂರು ಸುತ್ತು ಆಗಿತ್ತು. ಹೊರಡುವ ಹಿಂದಿನ ದಿನ ಜಗಲಿಯಲ್ಲಿ ಕೂರಿಸಿಕೊಂಡು ಅವನು ಹಿಂದೆ ನೋಡಿರದ ಒಂದು ಪ್ಯಾರಾ ಕೊಟ್ಟೆ. ಬೆರಳಿಟ್ಟು ನಿಧಾನವಾಗಿ ಓದಿದ. ಎರಡು ತಪ್ಪು. ಟಿ.ಸಿ. ಜೊತೆ ಅವನ ಚೀಟಿಯನ್ನೂ ಪಿನ್ ಮಾಡಿದೆ. ಹೊಸ ಶಾಲೆಯ ಶಿಕ್ಷಕರಿಗೆ ಅದರಲ್ಲಿ ಹೀಗೆ ಬರೆದಿದ್ದೆ: ‘ಪ್ಯಾರಾ ಓದುತ್ತಾನೆ. ಒತ್ತಕ್ಷರದಲ್ಲಿ ಸ್ತ, ಷ್ಟ, ಕ್ಷ ಬಾಕಿ. ಮನೆಮಾತು ಯರವ. ಗಟ್ಟಿಯಾಗಿ ಓದಿದರೆ ಪುಟ ಮುಚ್ಚಿ ನೋಡಿ. ಆನೆ ಕಥೆ ಇಷ್ಟ.’